ಐವತ್ತರ ದಂಡ

1918ರ ನವೆಂಬರಿನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲೊಂದು ಬಾಕ್ಸಿಂಗ್ ಪಂದ್ಯ ನಡೆಯಿತು. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸ್ಪ್ಯಾನಿಷ್ ಫ್ಲೂ ಇನ್ನೂ ಮುಗಿದಿರಲಿಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಬೀದಿಗಿಳಿದವರನ್ನು ಪೊಲೀಸರು ಹಿಡಿದೊಯ್ಯುತ್ತಿದ್ದರು. ಅಕ್ಟೋಬರ್ 27ರ ಒಂದೇ ದಿನ 110 ಮಂದಿ ಸಿಕ್ಕಿಬಿದ್ದಿದ್ದರು. ಬಹಳಷ್ಟು ಜನರಿಗೆ ಐದು ಡಾಲರ್ ದಂಡ, ಕೆಲವರಿಗೆ ಜೈಲು. ಪಂದ್ಯದಲ್ಲಿ ತೆಗೆದ ಒಂದು ಫೋಟೋದಲ್ಲಿ ಊರಿನ ಗಣ್ಯರು ಬರಿಮುಖದಲ್ಲಿ ಕೂತಿದ್ದರು. ಅವರಲ್ಲಿ ಮೇಯರ್ ಜೇಮ್ಸ್ ರಾಲ್ಫ್ ಇದ್ದರು. ಮಾಸ್ಕ್ ಕಾನೂನಿಗಾಗಿ ಹಟ ಹಿಡಿದಿದ್ದ ಆರೋಗ್ಯಾಧಿಕಾರಿ ಡಾ. ಹ್ಯಾಸ್ಲರ್ ಕೂಡ ಇದ್ದರು! ಹ್ಯಾಸ್ಲರ್ 5 ಡಾಲರ್ ಕಟ್ಟಿದರು, ಮೇಯರ್ 50 ಡಾಲರ್.

ಅಲ್ಲಿಗೆ ಕತೆ ಮುಗಿಯಿತು. ರಾಲ್ಫ್ 1931ರವರೆಗೂ ಮೇಯರ್ ಆಗಿಯೇ ಉಳಿದು, ಅಲ್ಲಿಂದ ಕ್ಯಾಲಿಫೋರ್ನಿಯಾದ ಗವರ್ನರ್ ಗಾದಿಗೆ ಏರಿದರು.

ನೂರಾ ನಾಲ್ಕು ವರ್ಷಗಳ ನಂತರ, 2022ರ ಏಪ್ರಿಲ್ 12ರಂದು, ಲಂಡನ್ ಪೊಲೀಸರು ಬ್ರಿಟನ್ನಿನ ಪ್ರಧಾನಿ ಬೋರಿಸ್ ಜಾನ್ಸನ್‌ಗೆ ದಂಡ ಹಾಕಿದರು. ಅದೂ ಐವತ್ತೇ, ಆದರೆ ಪೌಂಡು. 2020ರ ಜೂನ್ 19ರಂದು, ಮಂತ್ರಿಮಂಡಲದ ಕೊಠಡಿಯಲ್ಲಿ ತಮ್ಮ 56ನೆಯ ಹುಟ್ಟುಹಬ್ಬದ ಕೂಟದಲ್ಲಿ ಅವರು ಪಾಲ್ಗೊಂಡಿದ್ದರು. ಅಧಿಕಾರದಲ್ಲಿರುವಾಗಲೇ ಕಾನೂನು ಮುರಿದದ್ದಕ್ಕೆ ದಂಡ ತೆತ್ತ ಮೊದಲ ಬ್ರಿಟಿಷ್ ಪ್ರಧಾನಿ ಅವರು. ಈ ಕತೆ ಮಾತ್ರ ದಂಡದ ರಶೀದಿಯೊಂದಿಗೆ ಮುಗಿಯಲಿಲ್ಲ. ಮೇಯರ್ ರಾಲ್ಫ್‌ಗೆ ಸಿಕ್ಕಿದ ಕ್ಷಮೆ ಜಾನ್ಸನ್‌ಗೆ ಯಾಕೆ ಸಿಗಲಿಲ್ಲ?

ನನಗೆ ತೋಚುವ ಉತ್ತರ ಇಷ್ಟು. ಸ್ಯಾನ್‌ಫ್ರಾನ್ಸಿಸ್ಕೊದ ಜನರಿಂದ ಕೇಳಿದ್ದು ಮುಖ್ಯವಾಗಿ ಒಂದು ತುಂಡು ಬಟ್ಟೆಯನ್ನು. ಬ್ರಿಟನ್ನಿನ ಜನರಿಂದ ಕೇಳಿದ್ದು ಅವರ ಮಯ್ಯತ್ತುಗಳನ್ನು.

ಲಂಡನ್ನಿನ ಬ್ರಿಕ್ಸ್‌ಟನ್‌ನ 13 ವರ್ಷದ ಮುಸ್ಲಿಂ ಹುಡುಗನೊಬ್ಬ 2020ರ ಮಾರ್ಚ್ 30ರಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಕೊನೆಯ ಗಳಿಗೆಯಲ್ಲಿ ಮನೆಯವರು ಯಾರೂ ಹತ್ತಿರ ಇರಲಿಲ್ಲ. ದಫನಿನ ವೇಳೆಗೆ ಒಡಹುಟ್ಟಿದವರಲ್ಲಿ ರೋಗದ ಲಕ್ಷಣ ಕಂಡದ್ದರಿಂದ ತಾಯಿಯೂ ಮಕ್ಕಳೂ ಕಬರ್‌ಸ್ಥಾನಕ್ಕೆ ಹೋಗುವಂತಿರಲಿಲ್ಲ. ಮೈಮುಚ್ಚುವ ನಿಲುವಂಗಿ ತೊಟ್ಟ, ಮಾಸ್ಕ್ ಹಾಕಿದ ಜನ ಪೆಟ್ಟಿಗೆಯನ್ನು ಮಣ್ಣಿಗಿಳಿಸಿದರು. ಮೂರು ಹಿಡಿ ಮಣ್ಣು ಹಾಕಲು ದೂರದೂರಿನಿಂದ ಓಡಿಬರುವ ಜನ ನಾವು. ಮಗನ ಕಬರಿಗೆ ಒಂದು ಹಿಡಿಯನ್ನೂ ಹಾಕಲಾಗದೆ ಮನೆಯೊಳಗೆ ಕೂತ ತಾಯಿ ಕಾನೂನಿಗೆ ಸಲ್ಲಿಸಿದ್ದೇನು ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚರ್ಚಿನ ಅಂಗಳದಲ್ಲೂ ಹಾಗೆಯೇ, ಸುಡುವ ಮನೆಗಳಲ್ಲೂ ಹಾಗೆಯೇ. ಜನ ಪಾಲಿಸಿದರು. ಬಹುಪಾಲು ಜನ ನಿಜಕ್ಕೂ ಪಾಲಿಸಿದರು.

ಅದೇ ವರ್ಷ ಜುಲೈ 30ರ ರಾತ್ರಿ, ಮರುದಿನ ಬಕ್ರೀದ್ ಎನ್ನುವಾಗ, ಆರೋಗ್ಯ ಮಂತ್ರಿ ಮ್ಯಾಟ್ ಹ್ಯಾಂಕಾಕ್ ಟ್ವಿಟರಿನಲ್ಲಿ ಒಂದು ಪ್ರಕಟಣೆ ಹೊರಡಿಸಿದರು: ಗ್ರೇಟರ್ ಮ್ಯಾಂಚೆಸ್ಟರ್, ಪೂರ್ವ ಲ್ಯಾಂಕಾಶೈರ್, ಪಶ್ಚಿಮ ಯಾರ್ಕ್‌ಶೈರಿನ ಕೆಲವು ಭಾಗಗಳಲ್ಲಿ ಒಂದು ಮನೆಯವರು ಇನ್ನೊಂದು ಮನೆಯವರನ್ನು ಮನೆಯೊಳಗಾಗಲೀ ಹಿತ್ತಲಿನಲ್ಲಾಗಲೀ ಭೇಟಿಯಾಗಬಾರದು. ರಾತ್ರಿ ಒಂಬತ್ತು ದಾಟಿತ್ತು, ನಡುರಾತ್ರಿಯಿಂದಲೇ ಜಾರಿ. ದೇಗ್ಚಿ ಒಲೆ ಮೇಲಿಟ್ಟವರಿಗೆ ಉಳಿದದ್ದು ಮೂರು ತಾಸಿಗೂ ಕಡಿಮೆ. ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಹೀಗೆ ಹೇಳಿದರೆ ಹೇಗಿರುತ್ತದೆ ಎಂದು ಅಲ್ಲಿನ ಮುಸ್ಲಿಂ ಕೌನ್ಸಿಲ್ ಕೇಳಿತು. ಮರುದಿನ ಆಡಳಿತ ಪಕ್ಷದ ಸಂಸದ ಕ್ರೆಗ್ ವಿಟೇಕರ್ ರೇಡಿಯೋದಲ್ಲಿ, ಏಷ್ಯನ್ನರೂ ಕಪ್ಪುಜನರೂ ರೋಗವನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ ಎಂದರು. ಹಬ್ಬದ ದಿನವೇ ಈ ಮಾತು. ಈ ಹ್ಯಾಂಕಾಕ್ ಸಾಹೇಬರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೊದಲ ಬಿರುಕು ಅದಕ್ಕೂ ಮುಂಚೆಯೇ ಬಿದ್ದಿತ್ತು. ಪ್ರಧಾನಿಯ ಮುಖ್ಯ ಸಲಹೆಗಾರ ಡೊಮಿನಿಕ್ ಕಮಿಂಗ್ಸ್ ಮಾರ್ಚ್ ತಿಂಗಳ ಲಾಕ್‌ಡೌನ್ ನಡುವೆ ಹೆಂಡತಿ ಮಗುವಿನೊಂದಿಗೆ ಲಂಡನ್ನಿನಿಂದ ಡರ್ಹಮ್‌ಗೆ ಕಾರಿನಲ್ಲಿ ಹೋಗಿದ್ದರು. ಏಪ್ರಿಲ್ 12ರಂದು ಬಾರ್ನಾರ್ಡ್ ಕ್ಯಾಸಲ್ ಎಂಬ ಊರಿಗೂ ಹೋಗಿಬಂದರು. ಯಾಕೆಂದು ಕೇಳಿದಾಗ, ಕಾರು ಓಡಿಸುವಷ್ಟು ಕಣ್ಣು ಕಾಣುತ್ತದೆಯೇ ಎಂದು ಪರೀಕ್ಷಿಸಲು ಎಂದರು! ಕಣ್ಣು ಕಾಣದಿದ್ದರೆ ಕಾರು ಓಡಿಸಬಾರದೆಂಬುದು ಚಾಲಕರಿಗೆಲ್ಲ ಗೊತ್ತಿರುವ ಸಂಗತಿ. ಜಾನ್ಸನ್ ಅವರನ್ನು ಬಿಟ್ಟುಕೊಡಲಿಲ್ಲ. ಸ್ಕಾಟ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ಯಾಥರೀನ್ ಕಾಲ್ಡರ್‌ವುಡ್ ತಮ್ಮ ಎರಡನೆಯ ಮನೆಗೆ ಹೋಗಿದ್ದ ತಪ್ಪಿಗೆ ಏಪ್ರಿಲ್‌ನಲ್ಲೇ ರಾಜೀನಾಮೆ ಕೊಟ್ಟಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಆಗಸ್ಟಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ ಪ್ರಕಾರ, ಕಮಿಂಗ್ಸ್ ಸುದ್ದಿ ಹೊರಬಿದ್ದ ಮೇಲೆ ಸರಕಾರದ ಮೇಲಿನ ಭರವಸೆ ಇಂಗ್ಲೆಂಡಿನಲ್ಲಿ ಕುಸಿಯಿತು; ಬೇರೆ ಸರಕಾರಗಳಿದ್ದ ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಹಾಗಾಗಲಿಲ್ಲ.

ಪ್ರಧಾನಿಯ ನಿವಾಸ-ಕಚೇರಿಯಾದ ಡೌನಿಂಗ್ ಸ್ಟ್ರೀಟಿನ ಕೂಟಗಳ ಸುದ್ದಿಯನ್ನು ಡೈಲಿ ಮಿರರ್ ಪತ್ರಿಕೆ 2021ರ ನವೆಂಬರ್ 30ರಂದು ಹೊರಗೆಡವಿತು. ಮೊದಮೊದಲು ಅದು ಪತ್ರಿಕೆಗಳ ಗದ್ದಲವಷ್ಟೇ ಆಗಿತ್ತು. ಒಂದು ವಾರದ ನಂತರ ಟಿವಿಯಲ್ಲಿ ಒಂದು ವಿಡಿಯೋ ಬಂತು. ಪ್ರಧಾನಿಯ ವಕ್ತಾರೆ ಅಲೆಗ್ರಾ ಸ್ಟ್ರಾಟನ್ 2020ರ ಡಿಸೆಂಬರಿನಲ್ಲಿ ಪತ್ರಿಕಾಗೋಷ್ಠಿಯ ತಾಲೀಮು ಮಾಡುತ್ತಿದ್ದಾರೆ. ಪಾರ್ಟಿ ಬಗ್ಗೆ ಕೇಳಿದರೆ ಏನು ಹೇಳುತ್ತೀರಿ ಎಂದು ಸಹೋದ್ಯೋಗಿ ಕೇಳುತ್ತಾರೆ. ಎಲ್ಲರೂ ನಗುತ್ತಾರೆ. ಈ ನಗುವೇ ಜನರನ್ನು ಕೆರಳಿಸಿದ್ದು. ಕುಡಿದದ್ದನ್ನು ಬೇಕಾದರೆ ಮನ್ನಿಸಬಹುದಿತ್ತು. ತಾವು ಅಳುತ್ತ ಪಾಲಿಸಿದ ಕಾನೂನು ಅದನ್ನು ಬರೆದವರ ಮನೆಯಲ್ಲಿ ನಗೆಚಾಟಿಕೆಯಾಗಿತ್ತು ಎಂಬುದನ್ನು ಮನ್ನಿಸುವುದು ಹೇಗೆ? ಸ್ಟ್ರಾಟನ್ ಮರುದಿನ ಕಣ್ಣೀರಿಡುತ್ತ ರಾಜೀನಾಮೆ ಕೊಟ್ಟರು. ಡಿಸೆಂಬರ್ 16ರ ಉಪಚುನಾವಣೆಯಲ್ಲಿ ನಾರ್ತ್ ಶ್ರಾಪ್‌ಶೈರಿನ ಮತದಾರರು, ಎರಡು ವರ್ಷಗಳ ಹಿಂದೆ ಸುಮಾರು 23,000 ಮತಗಳ ಅಂತರದಿಂದ ಗೆಲ್ಲಿಸಿದ್ದ ಕನ್ಸರ್ವೇಟಿವ್ ಪಕ್ಷವನ್ನು ಸೋಲಿಸಿ ಕಳಿಸಿದರು.

ಆಮೇಲೆ ಒಂದೊಂದೇ ಹೊರಬಂತು. 2020ರ ಮೇ 20ರಂದು, ಹೊರಗೆ ಒಬ್ಬರೇ ಒಬ್ಬರನ್ನು ಭೇಟಿಯಾಗಬಹುದು ಎಂದು ಮಂತ್ರಿಯೊಬ್ಬರು ದೇಶಕ್ಕೆ ಬೋಧಿಸಿದ ಸಂಜೆಯೇ, ಡೌನಿಂಗ್ ಸ್ಟ್ರೀಟಿನ ತೋಟಕ್ಕೆ ಸುಮಾರು 200 ಮಂದಿಗೆ ಆಹ್ವಾನ ಹೋಗಿತ್ತು, ನಿಮ್ಮ ಮದ್ಯ ನೀವೇ ತನ್ನಿ ಎಂಬ ಸೂಚನೆಯೊಂದಿಗೆ. ಜಾನ್ಸನ್ ಅದನ್ನು ಕೆಲಸದ ಸಭೆ ಎಂದುಕೊಂಡಿದ್ದರಂತೆ. 2021ರ ಏಪ್ರಿಲ್ 17ರಂದು ರಾಣಿ ಎಲಿಜಬೆತ್ ಗಂಡನ ಅಂತ್ಯಕ್ರಿಯೆಯಲ್ಲಿ ಮಾಸ್ಕ್ ತೊಟ್ಟು ಒಂಟಿಯಾಗಿ ಕೂತಿದ್ದರು. ಹಿಂದಿನ ರಾತ್ರಿ ಪ್ರಧಾನಿಯ ಸಿಬ್ಬಂದಿ ಕೂಟ ನಡೆಸಿದ್ದರು. ಅದಕ್ಕಾಗಿ ಅರಮನೆಯ ಕ್ಷಮೆ ಕೇಳಿದರು. ಥೇಮ್ಸ್ ನದಿಯ ಆಚೆ ದಡದಲ್ಲಿ, ಪಾರ್ಲಿಮೆಂಟಿಗೆ ಎದುರಾಗಿ, ಸತ್ತವರ ಮನೆಯವರು ಗೋಡೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೆಂಪು ಹೃದಯ ಬಿಡಿಸಿದ್ದರು, ಒಂದೂವರೆ ಲಕ್ಷಕ್ಕೂ ಹೆಚ್ಚು.

ತನಿಖೆ ನಡೆಸಿದ ಹಿರಿಯ ಅಧಿಕಾರಿ ಸ್ಯೂ ಗ್ರೇ 2022ರ ಮೇ 25ರಂದು ಕೊಟ್ಟ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಧಾನಿಯ ವಿಷಯವಲ್ಲ. ಒಂದು ಕೂಟದ ಮರುಬೆಳಗ್ಗೆ ಕಸ ಗುಡಿಸಲು ಬಂದವರು ಗೋಡೆಯ ಮೇಲೂ ಕಾಗದದ ಪೆಟ್ಟಿಗೆಗಳ ಮೇಲೂ ಚೆಲ್ಲಿದ್ದ ಕೆಂಪು ವೈನ್ ಕಂಡರಂತೆ. ಗುಡಿಸುವವರನ್ನೂ ಕಾವಲಿನವರನ್ನೂ ಅಗೌರವದಿಂದ ನಡೆಸಿಕೊಂಡ ಪ್ರಸಂಗಗಳು ಒಂದೆರಡಲ್ಲ ಎಂದು ವರದಿ ಹೇಳಿತು. ಪೊಲೀಸರು ಒಟ್ಟು 83 ಜನರಿಗೆ 126 ದಂಡ ಹಾಕಿದರು. ದೊಡ್ಡ ಕೂಟ ಏರ್ಪಡಿಸಿದ ಸಾಮಾನ್ಯರಿಗೆ ಇದೇ ಸರಕಾರ 2020ರಲ್ಲಿ ಗೊತ್ತುಮಾಡಿದ್ದ ದಂಡ 10,000 ಪೌಂಡು.

ನಮ್ಮಲ್ಲೂ ಇಂಥದ್ದು ನಡೆಯದೆ ಇರಲಿಲ್ಲ. 2020ರ ಮಾರ್ಚ್ ನಡುವಿನಲ್ಲಿ, ಅದ್ಧೂರಿ ಮದುವೆ ಬೇಡವೆಂದು ರಾಜ್ಯ ಸರಕಾರ ಹೇಳಿದ ಎರಡು ದಿನಕ್ಕೆ ಮುಖ್ಯಮಂತ್ರಿ ಯಡಿಯೂರಪ್ಪನವರು ಬೆಳಗಾವಿಯಲ್ಲಿ ಸಾವಿರಾರು ಜನ ಸೇರಿದ್ದ ಮದುವೆಗೆ ಹೋಗಿಬಂದರು. ಪತ್ರಿಕೆಗಳು ಬರೆದವು, ಜನ ಒಂದು ದಿನ ಆಡಿಕೊಂಡರು. ದೊಡ್ಡವರು ಕಾನೂನು ಪಾಲಿಸುತ್ತಾರೆಂದು ನಂಬಿದ್ದವರಿಗೆ ತಾನೆ ಮೋಸ ಹೋದ ನೋವು?

ಜಾನ್ಸನ್ 2022ರ ಜುಲೈನಲ್ಲಿ ರಾಜೀನಾಮೆ ಘೋಷಿಸಿದ್ದಕ್ಕೆ ನೇರ ಕಾರಣ ತಮ್ಮ ಪಕ್ಷದ ಸಂಸದನೊಬ್ಬನ ದುರ್ವರ್ತನೆಯ ಪ್ರಕರಣ, ಈ ಕೂಟಗಳಲ್ಲ. ಆದರೆ ಅಷ್ಟರಲ್ಲಿ ಅವರ ಮಾತನ್ನು ನಂಬುವವರು ಉಳಿದಿರಲಿಲ್ಲ. 2023ರ ಜೂನ್ 19ರಂದು, ಅವರು ಉದ್ದೇಶಪೂರ್ವಕವಾಗಿ ಸದನದ ದಾರಿತಪ್ಪಿಸಿದರೆಂಬ ವರದಿಯನ್ನು ಪಾರ್ಲಿಮೆಂಟು 354ಕ್ಕೆ 7 ಮತಗಳಿಂದ ಒಪ್ಪಿತು.

ಇನ್ನು ಹ್ಯಾಂಕಾಕ್. ತಾವೇ ಹಾಕಿದ ಅಂತರದ ನಿಯಮ ಮರೆತು ಕಚೇರಿಯಲ್ಲಿ ಸಹಾಯಕಿಯನ್ನು ತಬ್ಬಿಕೊಂಡ ಚಿತ್ರ 2021ರ ಜೂನ್ 25ರಂದು ಪತ್ರಿಕೆಯಲ್ಲಿ ಬಂತು. ಮರುದಿನ ಅವರು ಮಂತ್ರಿ ಪದವಿ ಬಿಟ್ಟರು. ಮುಂದಿನ ವರ್ಷ ನವೆಂಬರಿನಲ್ಲಿ ಕಾಡಿನಲ್ಲಿ ನಡೆಯುವ ಟಿವಿ ಸ್ಪರ್ಧೆಯೊಂದಕ್ಕೆ ಹೋದರು. ವೀಕ್ಷಕರು ಸಾಲು ಸಾಲಾಗಿ ಮತ ಹಾಕಿ ಹುಳಹುಪ್ಪಟೆಗಳ ಪರೀಕ್ಷೆಗೆ ಅವರನ್ನೇ ಮತ್ತೆ ಮತ್ತೆ ಆರಿಸಿದರು. ಕೊನೆಗೆ ಅದೇ ವೀಕ್ಷಕರು ಅವರಿಗೆ ಮೂರನೆಯ ಸ್ಥಾನ ಕೊಟ್ಟರು.