ಹೊಗೆಸೊಪ್ಪಿನ ಸೀಮೆಯಲ್ಲಿ ಮನೆ ಮತ್ತು ಶಾಲೆ

ದೇವಾಲಯವೊಂದು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದರ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನು ಬರೆದಿಡುವುದು ವಾಡಿಕೆ. ಆ ಕಾರ್ಯವನ್ನು ಈ ಸಂಚಿಕೆಯಲ್ಲಿ ಬಲ್ಲವರು ನೆರವೇರಿಸಿದ್ದಾರೆ. ನಾವು ಇಲ್ಲಿ ಇನ್ನೊಂದು ಚರಿತ್ರೆಯನ್ನು ಸ್ಮರಿಸಬಯಸುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಮಕ್ಕಳ ವಿದ್ಯಾಭ್ಯಾಸದಲ್ಲಿ ಮನೆಗೂ ಶಾಲೆಗೂ ಇದ್ದ ನಂಟು ಹೇಗೆ ಸಡಿಲವಾಯಿತು, ಹೇಗೆ ಮತ್ತೆ ಕೂಡಿತು ಎಂಬುದೇ ಆ ಚರಿತ್ರೆ.

ಹಿಂದಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿದ್ದುದು ಕೂಲಿಮಠ. ಅಯ್ಯನವರ ಹೊಟ್ಟೆಬಟ್ಟೆಗೆ ಊರಿನ ಮನೆಗಳೇ ಆಧಾರ. ಸುಗ್ಗಿಯಲ್ಲಿ ರಾಗಿ, ಹಬ್ಬದಲ್ಲಿ ಕಾಣಿಕೆ ಸಲ್ಲುತ್ತಿದ್ದವು. ಮಗು ಮರಳಿನ ಮೇಲೆ ಅಕ್ಷರ ತಿದ್ದಿತೋ ಇಲ್ಲವೋ ಎಂದು ಕೇಳುವ ಹಕ್ಕು ಆದ್ದರಿಂದ ತಂದೆಗಿತ್ತು. ಆದರೆ ಆ ಮಠದ ಬಾಗಿಲು ಹೆಣ್ಣುಮಕ್ಕಳಿಗೂ ಕೆಳಜಾತಿಯೆನಿಸಿಕೊಂಡವರ ಮಕ್ಕಳಿಗೂ ಸಾಮಾನ್ಯವಾಗಿ ಮುಚ್ಚಿಯೇ ಇತ್ತೆಂಬುದನ್ನು ಮರೆಯಲಾಗದು. 1868ರಲ್ಲಿ ಲೂಯಿಸ್ ರೈಸ್ ಅವರ ಯೋಜನೆಯಂತೆ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳು ಆರಂಭವಾದವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣವನ್ನು ವಿಧಿಸುವ ಕಾಯಿದೆ ಬಂದಿತು. ಕ್ರಮೇಣ ಬಾಗಿಲು ಅಗಲವಾಯಿತು, ಇದು ಮಹದುಪಕಾರ. ಆದರೆ ಅದರೊಡನೆ ಒಂದು ನಷ್ಟವೂ ಸಂಭವಿಸಿತು. ಶಾಲೆ ಸರ್ಕಾರದ್ದು, ಪಾಠ ಮೇಷ್ಟರದ್ದು, ನಮ್ಮದೇನಿದೆ ಎಂದು ತಂದೆತಾಯಿಗಳು ಹೊಸಲಿನಾಚೆ ನಿಂತರು.

ಈ ಅಂತರವು ನಮ್ಮ ಸೀಮೆಯಲ್ಲಿ ಎಷ್ಟು ಕ್ಲೇಶಕ್ಕೆ ಕಾರಣವಾಯಿತೆಂಬುದನ್ನು ತಿಳಿಯಲು ಬೆಳೆಯ ಪಂಚಾಂಗವನ್ನು ನೋಡಬೇಕು. ಈ ನಾಲ್ಕು ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನ ನೆಲ. ಜೂನ್ 13ರಂದು ಡೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಹೋಗಿಬರುವ ಹೊತ್ತಿಗೆ ಒಂದೆಡೆ ಶಾಲೆ ತೆರೆದಿರುತ್ತದೆ, ಮತ್ತೊಂದೆಡೆ ಹೊಲದಲ್ಲಿ ಸಸಿ ನಾಟಿಯಾಗಿರುತ್ತದೆ. ಮಗುವಿಗೆ ಕಾಗುಣಿತ ಕೈಹತ್ತುವ ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿಯೇ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ಗೆ ಏರಿಸಿ ಐದಾರು ದಿನ ಹಗಲಿರುಳು ಬೆಂಕಿ ಕಾಯುವುದು. ಕೂಲಿಯಾಳು ಸಿಗದ ಮನೆಯಲ್ಲಿ ಎಂಟು ವರ್ಷದ ಕೈಯೂ ಕೈಯೇ. ಒದ್ದೆ ಎಲೆಯ ನಿಕೋಟಿನ್ ವಿಷವು ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆಂಬುದು ಆಗ ಅನೇಕರಿಗೆ ತಿಳಿದಿರಲಿಲ್ಲ. ಕಾಡಂಚಿನ ಹಾಡಿಗಳಲ್ಲಿ ಇನ್ನೊಂದು ಬಗೆಯ ಕಷ್ಟ. ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು ಕಾಫಿ ಕುಯ್ಲಿಗೆ ಕೊಡಗಿನ ತೋಟಗಳಿಗೆ ಹೊರಟಾಗ ಮಕ್ಕಳೂ ಜೊತೆಗೆ ಹೊರಡುತ್ತಿದ್ದರು. ಹಿಂದಿರುಗಿ ಬಂದ ಮಗುವಿಗೆ ಪಾಠವು ಎಷ್ಟೋ ಮುಂದೆ ಸಾಗಿರುತ್ತಿತ್ತು. ಅರ್ಥವಾಗದೆ ಕುಳಿತ ಮಗು ಕೆಲವು ದಿನಗಳಲ್ಲಿ ಬರುವುದನ್ನೇ ಬಿಡುತ್ತಿತ್ತು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಯುವಕ ಗುರುಗಳಾಗಿದ್ದಾಗ ನಾವು ಮನೆಗಳನ್ನು ಸಂದರ್ಶಿಸುತ್ತ, ಬ್ಯಾರನ್ ಮುಂದೆ ಸೊಪ್ಪು ಕಟ್ಟುತ್ತಿದ್ದ ಮಕ್ಕಳನ್ನು ಕಂಡು ತಂದೆತಾಯಿಗಳನ್ನು ಗದರಿಸಿದ್ದುಂಟು. ಭಾನುವಾರದ ಪ್ರಬೋಧನೆಯಲ್ಲಿಯೂ ಆಕ್ಷೇಪಿಸಿದ್ದುಂಟು. ಒಮ್ಮೆ ತಾಯಿಯೊಬ್ಬರು, “ಸ್ವಾಮಿ, ಕಳಿಸಬಾರದು ಅಂತ ಅಲ್ಲ. ಕಳಿಸಿದರೆ ಅಲ್ಲಿ ಅವನಿಗೆ ಏನೂ ತಿಳಿಯುವುದಿಲ್ಲ, ಸುಮ್ಮನೆ ಕೂತು ಬರುತ್ತಾನೆ” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಮನೆಯನ್ನು ಮಾತ್ರ ತಿದ್ದಲು ಹೊರಟಿದ್ದೆವು. ಆ ಮನೆಯ ಮಗುವಿಗೆ ಶಾಲೆಯಲ್ಲಿ ಎಡೆಯಿದೆಯೇ ಎಂದು ವಿಚಾರಿಸಿರಲಿಲ್ಲ.

ಆ ತಾಯಿಯ ಮಾತಿಗೆ ಉತ್ತರವು ನಮ್ಮ ಸೀಮೆಯಲ್ಲಿಯೇ ಹುಟ್ಟಿದ್ದು ಹೆಮ್ಮೆಯ ಸಂಗತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಆಂಧ್ರದ ಋಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಗ್ರಾಮಶಾಲೆಗಳ ಕ್ರಮವನ್ನು ಕಂಡುಬಂದು, ಅದನ್ನು ನಮ್ಮ ನುಡಿಗೆ, ನಮ್ಮ ಹಳ್ಳಿಗೆ ಒಗ್ಗಿಸಿಕೊಂಡರು. ಅದೇ ‘ನಲಿ-ಕಲಿ’. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಬರೆದರು. ಮೆಟ್ಟಿಲುಗಳನ್ನು ಸೇರಿಸಿ ಕಲಿಕಾ ಏಣಿಯೆಂದು ಕರೆದರು. ಬೇರೆ ಬೇರೆ ತರಗತಿಗಳ ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕುಳಿತರು. ಶಿಕ್ಷಕರೂ ಅವರ ನಡುವೆ ಕುಳಿತರು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ದಿನ ತಪ್ಪಿಸಿಕೊಂಡ ಮಗುವು ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ ಮುಂದುವರಿಯಬಹುದಾಗಿತ್ತು. 2009-10ರಲ್ಲಿ ಈ ಪದ್ಧತಿ ರಾಜ್ಯದಾದ್ಯಂತ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆ ವ್ಯಾಪಿಸಿತು.

ಮೊದಮೊದಲು ಪೋಷಕರಿಗೆ ಇದು ಹಿಡಿಸಲಿಲ್ಲ. “ಆಟ ಆಡಿಸುತ್ತಾರೆ, ಹಾಡು ಹೇಳಿಸುತ್ತಾರೆ, ಓದು ಎಲ್ಲಿ?” ಎಂಬುದು ಅವರ ಶಂಕೆ. ಶಂಕೆ ತಪ್ಪಲ್ಲ. ಶಾಲೆಯು ತನ್ನ ಬಗೆಯನ್ನು ಮನೆಗೆ ತಿಳಿಸದಿದ್ದರೆ ಮನೆಯು ಅದನ್ನು ನಂಬುವುದಾದರೂ ಹೇಗೆ? ತರಗತಿಗೆ ಬಂದು ಕುಳಿತು, ಗೋಡೆಯ ಮೇಲಿನ ಪ್ರಗತಿನೋಟದಲ್ಲಿ ತನ್ನ ಮಗು ಯಾವ ಮೆಟ್ಟಿಲಲ್ಲಿದೆಯೆಂದು ಬೆರಳಿಟ್ಟು ನೋಡಿದ ತಂದೆಗೆ ಮಾತ್ರ ಆ ಆಟದ ಒಳಗಿನ ಪಾಠ ಕಾಣಿಸುತ್ತದೆ.

ಪೋಷಕರು ಒಳಗೆ ಬರಲು ಕಾನೂನಿನ ಬಾಗಿಲೂ ತೆರೆಯಿತು. 2001ರ ಸರ್ಕಾರಿ ಆದೇಶದಂತೆ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವೆಲ್ಲ ಎಸ್.ಡಿ.ಎಂ.ಸಿ. ಎಂದು ಕರೆಯುವ ಸಮಿತಿ ಬಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿ ಅಥವಾ ಪೋಷಕರಿರಬೇಕೆಂದೂ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿತು. ಹಿಂದೆ ಕೂಲಿಮಠದಲ್ಲಿ ಕೆಲವೇ ಮನೆಗಳಿಗಿದ್ದ ಪ್ರಶ್ನಿಸುವ ಹಕ್ಕು ಈಗ ಕೂಲಿ ಮಾಡುವ ತಾಯಿಗೂ ದೊರೆತಿದೆ. ಆದರೆ ಸಭೆಗೆ ಹೋಗಿ ಹೆಬ್ಬೆಟ್ಟೊತ್ತಿ ಬರುವುದರಿಂದ ಹಕ್ಕು ಸಾರ್ಥಕವಾಗುವುದಿಲ್ಲ.

ತಂದೆತಾಯಿಗಳೇ ಮಕ್ಕಳ ಮೊದಲ ಮತ್ತು ಪ್ರಧಾನ ಶಿಕ್ಷಕರೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ, ಕ್ರೈಸ್ತ ಶಿಕ್ಷಣವನ್ನು ಕುರಿತ ಘೋಷಣೆಯಲ್ಲಿ ಸಾರಿತು. ಓದುಬರಹ ಬಾರದವರಿಗೆ ಇದು ಹೇಗೆ ಸಾಧ್ಯವೆಂದು ಕೆಲವರು ಕೇಳುತ್ತಾರೆ. ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು “ಇವತ್ತು ಏನು ಕಲಿತೆ, ಹೇಳು ಮಗಾ” ಎಂದು ಕೇಳಲು ಅಕ್ಷರ ಬೇಕಿಲ್ಲ. ಸೊಪ್ಪಿನ ಕಾಲದಲ್ಲಿ ಮಗು ಶಾಲೆ ತಪ್ಪಿಸದಂತೆ ನೋಡಿಕೊಳ್ಳಲು, ತಪ್ಪಿದರೆ ಮಾರನೆಯ ದಿನವೇ ಮೇಷ್ಟರನ್ನು ಕಂಡು ಮಾತನಾಡಲು ಅಕ್ಷರ ಬೇಕಿಲ್ಲ. ಶಿಕ್ಷಕರಲ್ಲಿಯೂ ನಮ್ಮದೊಂದು ವಿನಂತಿ: ಬಾರದ ಮಗುವಿನ ಹೆಸರಿನ ಮುಂದೆ ಗೈರುಹಾಜರಿ ಗುರುತು ಹಾಕುವುದರೊಡನೆ ಒಮ್ಮೆ ಅದರ ಮನೆಯ ಜಗಲಿಯವರೆಗೂ ಬನ್ನಿರಿ. ಬ್ಯಾರನ್‌ನ ಬೆಂಕಿ ಅಲ್ಲಿ ನಿಮಗೆ ಕಾಣಿಸುತ್ತದೆ.

ಅಂದು ನಮ್ಮನ್ನು ನಿರುತ್ತರಗೊಳಿಸಿದ ಆ ತಾಯಿಗೆ ಈ ಲೇಖನವು ತಡವಾಗಿ ಸಲ್ಲಿಸಿದ ಉತ್ತರ. ನೂರು ವರ್ಷ ನಮ್ಮನ್ನು ಕಾಪಾಡಿದ ಪ್ರಭುವು ಮುಂದಿನ ಪೀಳಿಗೆಯನ್ನೂ ಜ್ಞಾನದಲ್ಲಿ ಬೆಳೆಸಲೆಂದು ಪ್ರಾರ್ಥಿಸೋಣ. ಪ್ರಾರ್ಥಿಸಿ ಎದ್ದ ಮೇಲೆ ಶಾಲೆಯ ಕಡೆಗೂ ನಾಲ್ಕು ಹೆಜ್ಜೆ ನಡೆಯೋಣ.