ಗುರುಪೀಠವೂ ಸಂಘದ ನಿಬಂಧನೆಗಳೂ

ಕಪಿಲಾ ನದಿಯು ನಂಜನಗೂಡನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದಕ್ಕೆ ಮುನ್ನ ಸುತ್ತೂರು ಕ್ಷೇತ್ರವನ್ನು ಹಾದು ಹರಿಯುವುದೆಂಬುದು ಭಕ್ತಜನರಿಗೆ ವಿದಿತವಾದುದೇ ಸರಿ. ಈ ನದಿಯನ್ನಾಶ್ರಯಿಸಿದ ಸೀಮೆಯೊಂದರಲ್ಲಿಯೇ ಧರ್ಮದ ಆಸ್ತಿಯು ಮೂರು ಬಗೆಯ ಆಡಳಿತಕ್ಕೆ ಒಳಪಟ್ಟಿದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯವು ಮುಜರಾಯಿಗೆ ಸೇರಿದುದು; ಅದರ ಲೆಕ್ಕಪತ್ರವು ಸರ್ಕಾರದ ಕಣ್ಣಿನಡಿಯಲ್ಲಿರತಕ್ಕದ್ದು. ಸುತ್ತೂರಿನ ಶ್ರೀಮಠವು ಗುರುಪರಂಪರೆಯಿಂದ ನಡೆಯತಕ್ಕದ್ದು. ಮೂರನೆಯದು ಶ್ರೀಮಠದ ಆಶ್ರಯದಲ್ಲಿ ಹುಟ್ಟಿದ ವಿದ್ಯಾಸಂಸ್ಥೆ. ಅದು ನೋಂದಾಯಿತ ಸಂಘವಾದುದರಿಂದ ಬರೆದಿಟ್ಟ ನಿಬಂಧನೆಗಳಿಗೆ ಅಧೀನವಾದುದು.

ಮಠದ ಆಸ್ತಿಯು ಯಾರದೆಂಬ ಪ್ರಶ್ನೆಯು ನ್ಯಾಯಸ್ಥಾನಗಳನ್ನು ಬಹುಕಾಲ ಕಾಡಿತು. ಮಠಾಧಿಪತಿಯು ಇಂಗ್ಲಿಷ್ ನ್ಯಾಯದ ಅರ್ಥದಲ್ಲಿ ಟ್ರಸ್ಟಿಯಲ್ಲವೆಂದು 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ತೀರ್ಪಿತ್ತಿತು. 1954ರಲ್ಲಿ ಉಡುಪಿಯ ಶೀರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಠಾಧಿಪತ್ಯದಲ್ಲಿ ಪದವಿಯೂ ಆಸ್ತಿಯೂ, ಕರ್ತವ್ಯವೂ ಸ್ವಂತ ಹಿತವೂ ಬೆರೆತಿರುವುವೆಂದು ಹೇಳಿತು. ಅದೇ ವರ್ಷ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ಒಂದಕ್ಕೂ ಮತ್ತೊಂದಕ್ಕೂ ಸಂಬಂಧವಿಲ್ಲ. ಆದರೂ ಎರಡನ್ನೂ ಜೊತೆಯಲ್ಲಿಟ್ಟು ನೋಡಿದರೆ ಮಹಾಸ್ವಾಮಿಗಳವರ ದೂರದೃಷ್ಟಿಯು ವ್ಯಕ್ತವಾಗುವುದು.

1941ರಲ್ಲಿಯೇ ಅವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದಿದ್ದರು. ಅನ್ನದಾಸೋಹಕ್ಕೆ ಗುರುವಿನ ಸಂಕಲ್ಪವೊಂದಿದ್ದರೆ ಸಾಕು, ಭಕ್ತರ ಕಾಣಿಕೆಯು ಅದನ್ನು ಹಿಂಬಾಲಿಸುವುದು. ಶಾಲೆಯೆಂದೊಡನೆ ಹಾಗಲ್ಲ. ಉಪಾಧ್ಯಾಯರ ಸಂಬಳ, ಸರ್ಕಾರದ ಗ್ರಾಂಟು, ಕಟ್ಟಡದ ಸಾಲ, ದಾವೆ ಬಂದರೆ ಉತ್ತರ ಹೇಳತಕ್ಕವರಾರು ಎಂಬ ಚಿಂತೆ, ಇವೆಲ್ಲವೂ ಒಟ್ಟಿಗೆ ಬರುವುವು.

ಮೈಸೂರು ಸಂಸ್ಥಾನದಲ್ಲಿ ಸಂಘಗಳ ನೋಂದಣಿಗೆ 1904ರಲ್ಲಿಯೇ ಕಾನೂನಾಗಿದ್ದಿತು. 1960ರ ಕಾನೂನು ಅದರ ಸ್ಥಾನವನ್ನು ಪಡೆಯಿತು. ಏಳು ಮಂದಿ ಕೂಡಿ ಉದ್ದೇಶಪತ್ರಕ್ಕೆ ರುಜು ಹಾಕಿ, ನಿಬಂಧನೆಗಳೊಡನೆ ರಿಜಿಸ್ಟ್ರಾರರಿಗೆ ಒಪ್ಪಿಸಿ ನೋಂದಾಯಿಸಿದರೆ ಸಂಘವು ಹುಟ್ಟುವುದು. (1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು ಕಟ್ಟಿದವರೂ ಏಳೇ ಮಂದಿ. ಅವರನ್ನು ಸಪ್ತರ್ಷಿಗಳೆಂದು ಕೊಂಡಾಡುವವರಿಗೆ ಕಾನೂನಿನ ಏಳು ನೆನಪಾಗುವುದು ವಿರಳ.) ವರ್ಷಕ್ಕೊಮ್ಮೆ ಮಹಾಸಭೆಯನ್ನು ಕರೆಯಬೇಕು, ಆಡಳಿತ ಮಂಡಲಿಯ ಪಟ್ಟಿಯನ್ನೂ ಆಯವ್ಯಯದ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಸಂಘವು ವಿಸರ್ಜನೆಯಾದರೂ ಉಳಿದ ಆಸ್ತಿಯನ್ನು ಸದಸ್ಯರು ತಮ್ಮೊಳಗೆ ಹಂಚಿಕೊಳ್ಳುವಂತಿಲ್ಲ. ದಾಸೋಹಭಾವಕ್ಕೆ ಇದಕ್ಕಿಂತ ಸಮೀಪವಾದ ಮಾತು ಕಾನೂನಿನ ಪುಸ್ತಕಗಳಲ್ಲಿ ದುರ್ಲಭ.

ಕಷ್ಟವಿರುವುದು ಬೇರೆ ಕಡೆ. ಹಿರಿಯರು ಅಧ್ಯಕ್ಷಪೀಠದಲ್ಲಿ ಕುಳಿತಿರುವಾಗ, ಈ ಖರ್ಚು ಸಲ್ಲದೆಂದು ಎದ್ದು ನುಡಿಯಬಲ್ಲ ಭಕ್ತನಾರು? ಹಳ್ಳಿಯ ಸಣ್ಣ ಸಂಘಗಳಲ್ಲಂತೂ ಸಭೆಯೇ ಸೇರದೆ ನಡವಳಿ ಪುಸ್ತಕವು ರುಜುವಿಗಾಗಿ ಮನೆಮನೆಗೆ ಹೋಗುವುದುಂಟು. ಅದನ್ನು ವಿಶ್ವಾಸವೆಂದು ಕರೆಯುವರು; ಲೆಕ್ಕ ಕೇಳುವವನನ್ನು ಗುರುದ್ರೋಹಿಯೆಂದೂ ಬಗೆಯುವರು. ಆದರೆ ವ್ಯಾಜ್ಯವು ಕೋರ್ಟಿನ ಮೆಟ್ಟಿಲೇರಿದ ದಿನ ನ್ಯಾಯಾಧೀಶರು ಕೇಳುವುದು ನಡವಳಿ ಪುಸ್ತಕವನ್ನು, ಭಕ್ತಿಯನ್ನಲ್ಲ. ಗುರುವಿನ ಹೆಸರಿಗೆ ಕಳಂಕ ಬಾರದಂತೆ ಕಾಯುವವನು ಲೆಕ್ಕ ಕೇಳಿದ ಆ ಸದಸ್ಯನೇ.

1986ರಲ್ಲಿ ರಾಜೇಂದ್ರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಪೀಠಕ್ಕೆ ಶ್ರೀ ಶಿವರಾತ್ರಿ ದೇಶಿಕೇಂದ್ರ ಮಹಾಸ್ವಾಮಿಗಳವರು ಬಂದರು. ವಿದ್ಯಾಪೀಠದ ಆಸ್ತಿಯಾದರೋ ಯಾರ ಕೈಯಿಂದ ಯಾರ ಕೈಗೂ ದಾಟಬೇಕಾಗಿರಲಿಲ್ಲ; ಅದು ಸಂಘದ ಹೆಸರಿನಲ್ಲಿಯೇ ಇದ್ದಿತು.