ಹೆಸರಿಲ್ಲದ ಗೋರಿ, ಬರೆದಿಟ್ಟ ಲೆಕ್ಕ

ನಮ್ಮ ಊರ ಕಡೆ ಯಾರಾದ್ರೂ ತೀರಿಕೊಂಡ್ರೆ "ಮಣ್ಣಿಗೆ ಹೋಗಿ ಬಂದ್ವಿ" ಅಂತೀವಿ. ಒಂದು ಹಿಡಿ ಮಣ್ಣು ಹಾಕಿದ ಮೇಲೇನೇ ಅವರು ಇನ್ನಿಲ್ಲ ಅನ್ನೋದು ಮನಸ್ಸಿಗೆ ಇಳಿಯೋದು. ಆಮೇಲೆ ಹಾಲು ತುಪ್ಪ, ತಿಥಿ. ಆದ್ರೆ ಆ ಮಣ್ಣು ಎಲ್ಲಿದೆ ಅಂತಾನೇ ಗೊತ್ತಿಲ್ಲದಿದ್ರೆ? ಸತ್ತ ದಿನ ಗೊತ್ತಿಲ್ಲ, ಸತ್ತಿದ್ದಾರಾ ಅನ್ನೋದೂ ಗೊತ್ತಿಲ್ಲ ಅಂದ್ರೆ ತಿಥಿ ಯಾವತ್ತು ಮಾಡ್ತೀರಿ?

ಇವತ್ತಿನ ಎಪಿಸೋಡ್ ಅರ್ಜೆಂಟೀನಾದ್ದು. ಮರಡೋನಾ, ಮೆಸ್ಸಿ ದೇಶ. 1978ರಲ್ಲಿ ಅವರು ಮೊದಲ ಸಲ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗ, ಫೈನಲ್ ನಡೆದ ಸ್ಟೇಡಿಯಂನಿಂದ ಸ್ವಲ್ಪವೇ ದೂರದಲ್ಲಿ ನೌಕಾಪಡೆಯ ಒಂದು ತರಬೇತಿ ಶಾಲೆ ಇತ್ತು. ಹೆಸರು ಎಸ್ಮಾ. ನಮ್ಮ ಎಸ್ಮಾ ಕಾಯ್ದೆಗೂ ಅದಕ್ಕೂ ಸಂಬಂಧ ಇಲ್ಲ. ಹೆಸರಿಗೆ ಶಾಲೆ, ಒಳಗಡೆ ಚಿತ್ರಹಿಂಸೆಯ ಶಿಬಿರ.

1976ರ ಮಾರ್ಚ್ 24ರಂದು ಅಲ್ಲಿ ಸೇನೆ ಅಧಿಕಾರ ಕಿತ್ಕೊಳ್ತು. 1983ರ ಡಿಸೆಂಬರ್‌ವರೆಗೆ ಅವರದೇ ಆಡಳಿತ. ವಿದ್ಯಾರ್ಥಿಗಳು, ಕಾರ್ಮಿಕ ಸಂಘದವರು, ಪತ್ರಕರ್ತರು... ಮಫ್ತಿಯಲ್ಲಿ ಬಂದು ಎತ್ತಿಕೊಂಡು ಹೋಗ್ತಿದ್ರು. ಠಾಣೆಗೆ ಹೋಗಿ ಕೇಳಿದ್ರೆ "ನಮ್ಮಲ್ಲಿಲ್ಲ". ಬಂಧನ ಆಗೇ ಇಲ್ಲ ಅಂದ್ಮೇಲೆ ಕೇಸ್ ಇಲ್ಲ. ಹೆಣ ಸಿಕ್ಕಿಲ್ಲ ಅಂದ್ಮೇಲೆ ಕೊಲೆಯೂ ಇಲ್ಲ. ಇವರನ್ನ ಅಲ್ಲಿ 'ಕಾಣೆಯಾದವರು' ಅಂತಾರೆ. 1984ರಲ್ಲಿ ಸರ್ಕಾರಿ ಆಯೋಗ 8,961 ಜನರನ್ನ ಪಟ್ಟಿ ಮಾಡಿತು. ಮಾನವ ಹಕ್ಕು ಸಂಘಟನೆಗಳು ಹೇಳೋ ಸಂಖ್ಯೆ 30,000.

ಅಸುಸೇನಾ ವಿಯಾಫ್ಲೋರ್ ಅನ್ನೋ ತಾಯಿಯ ಮಗ ನೆಸ್ತೋರ್‌ನನ್ನ 1976ರ ನವೆಂಬರ್‌ನಲ್ಲಿ ಹೀಗೇ ಎತ್ತಿಕೊಂಡು ಹೋದ್ರು. ಆಕೆ ಕಚೇರಿಯಿಂದ ಕಚೇರಿಗೆ ಅಲೆದಳು. ಅಲ್ಲೆಲ್ಲ ತನ್ನ ಹಾಗೇ ಕಾಯ್ತಾ ಕೂತಿದ್ದ ತಾಯಂದಿರು ಸಿಕ್ಕಿದ್ರು. ಒಬ್ಬೊಬ್ಬರೇ ಅಲೆದ್ರೆ ಆಗಲ್ಲ, ಅಧ್ಯಕ್ಷರ ಅರಮನೆ ಎದುರೇ ಸೇರೋಣ ಅಂತ 1977ರ ಏಪ್ರಿಲ್ 30ಕ್ಕೆ ಹದಿನಾಲ್ಕು ಹೆಂಗಸರು ಪ್ಲಾಸಾ ದೆ ಮಾಯೋ ಚೌಕಕ್ಕೆ ಬಂದ್ರು. ಗುಂಪಾಗಿ ನಿಲ್ಲಬೇಡಿ, ನಡೀರಿ ಅಂದ್ರು ಪೊಲೀಸರು. ಸರಿ ಅಂತ ನಡೆದ್ರು. ಚೌಕದ ಸುತ್ತ, ವಾರ ವಾರ.

ಡಿಸೆಂಬರ್‌ನಲ್ಲಿ ಆ ತಾಯಂದಿರ ಸರದಿ ಬಂತು. ನೌಕಾಪಡೆಯ ಅಧಿಕಾರಿ ಆಲ್ಫ್ರೆಡೋ ಆಸ್ತಿಸ್, ನನ್ನ ಅಣ್ಣನೂ ಕಾಣೆಯಾಗಿದ್ದಾನೆ ಅಂತ ಸುಳ್ಳು ಹೇಳಿ ಅವರ ನಡುವೆ ಸೇರಿಕೊಂಡಿದ್ದ. ಡಿಸೆಂಬರ್ 8ರಿಂದ 10ರ ಒಳಗೆ ಹನ್ನೆರಡು ಜನರನ್ನ ಹಿಡಿದ್ರು. ಎಸ್ತೆರ್ ಬಾಯೆಸ್ತ್ರಿನೋ, ಮರಿಯಾ ಪೊನ್ಸೆ ಅನ್ನೋ ತಾಯಂದಿರು, ಇಬ್ಬರು ಫ್ರೆಂಚ್ ಸನ್ಯಾಸಿನಿಯರು ಅದರಲ್ಲಿದ್ರು. ಕಾಣೆಯಾದವರ ಹೆಸರುಗಳ ಜಾಹೀರಾತು ಪೇಪರ್‌ನಲ್ಲಿ ಬಂದ ದಿನ, ಅದನ್ನ ಕೊಳ್ಳೋಕೆ ಹೊರಟ ಅಸುಸೇನಾಳನ್ನ ಮನೆ ಹತ್ತಿರಾನೇ ಎತ್ತಿದ್ರು. ಮಗನನ್ನ ಹುಡುಕ್ತಿದ್ದ ತಾಯಿಯೂ ಕಾಣೆ.

ಈಗ 1984ಕ್ಕೆ ಬರೋಣ. ಪ್ರಜಾಪ್ರಭುತ್ವ ವಾಪಸ್ ಬಂದಿದೆ. ಸ್ಮಶಾನಗಳಲ್ಲಿ 'ಎನ್.ಎನ್.', ಅಂದ್ರೆ ಹೆಸರಿಲ್ಲ, ಅಂತ ಗುರುತಾದ ನೂರಾರು ಗುಂಡಿಗಳು. ನ್ಯಾಯಾಧೀಶರು ಅಗೆಯೋಕೆ ಹೇಳಿದ್ರು, ಆದ್ರೆ ಹೇಗೆ ಅಗೀಬೇಕು ಅಂತ ಯಾರಿಗೂ ಗೊತ್ತಿಲ್ಲ. ಯಂತ್ರ ಬಿಟ್ಟು ಅಗೆದ್ರು. ಒಬ್ಬರ ಮೂಳೆ ಇನ್ನೊಬ್ಬರದರ ಜೊತೆ ಬೆರೆತುಹೋಯ್ತು.

ಆಗ ಅಮೆರಿಕದಿಂದ ಕ್ಲೈಡ್ ಸ್ನೋ ಅನ್ನೋ ಮೂಳೆ ತಜ್ಞ ಬಂದ. ಸಹಾಯಕ್ಕೆ ಅಂತ ಮುಂದೆ ಬಂದವರು ಯಾರು ಗೊತ್ತಾ? ಕಾಲೇಜು ಹುಡುಗರು, ಹುಡುಗಿಯರು. ಮಾನವಶಾಸ್ತ್ರ, ಪುರಾತತ್ವ, ವೈದ್ಯಕೀಯ ಓದ್ತಿದ್ದವರು. ಸೇನೆ ಮತ್ತೆ ಬಂದ್ರೆ ಏನು ಗತಿ ಅನ್ನೋ ಭಯ ಇತ್ತು, ಆದ್ರೂ ಬಂದ್ರು. ಅವರು ಕಟ್ಟಿದ್ದೇ ಅರ್ಜೆಂಟೀನಾ ವಿಧಿವಿಜ್ಞಾನ ಮಾನವಶಾಸ್ತ್ರ ತಂಡ. 1997ರಲ್ಲಿ ಬೊಲಿವಿಯಾದಲ್ಲಿ ಚೆ ಗೆವಾರನ ಮೂಳೆ ಗುರುತಿಸೋ ಕೆಲಸದಲ್ಲೂ ಇವರಿದ್ರು.

ನಾನು ಓದಿದ್ದು ಬಿ.ಕಾಂ. ಇವರು ಕೆಲಸ ಮಾಡಿದ ರೀತಿ ಓದಿದಾಗ ನನಗೆ ನೆನಪಾಗಿದ್ದು ಬ್ಯಾಂಕ್ ರಿಕನ್ಸಿಲಿಯೇಷನ್. ನಮ್ಮ ಕ್ಯಾಶ್ ಬುಕ್ ಒಂದು ಕಡೆ, ಬ್ಯಾಂಕಿನ ಪಾಸ್ ಬುಕ್ ಇನ್ನೊಂದು ಕಡೆ, ಎರಡನ್ನೂ ತಾಳೆ ನೋಡೋದು. ಇಲ್ಲೂ ಎರಡು ಪುಸ್ತಕ. ಒಂದು ಮನೆಯವರ ನೆನಪು: ಎತ್ತರ ಎಷ್ಟಿತ್ತು, ಚಿಕ್ಕಂದಿನಲ್ಲಿ ಕೈ ಮುರಿದಿತ್ತಾ, ಹಲ್ಲಿಗೆ ಸಿಮೆಂಟ್ ತುಂಬಿಸಿದ್ರಾ. ಇನ್ನೊಂದು ಸರ್ಕಾರದ್ದೇ ಕಾಗದ. ಕೊಂದವರು ಗುಟ್ಟು ಮಾಡಿದ್ರು ನಿಜ, ಆದ್ರೆ ಕಚೇರಿ ನಿಂತಿರಲಿಲ್ಲ. ಸ್ಮಶಾನದ ಗುಮಾಸ್ತ ತಾರೀಖು ಬರೀತಿದ್ದ, ವೈದ್ಯ ಸಾವಿನ ಕಾರಣ ಬರೀತಿದ್ದ. ಅದಕ್ಕೂ ಮುಂಚೆ ಹೆಸರಿಲ್ಲದೆ ಮಣ್ಣಾಗ್ತಿದ್ದವರು ಹೆಚ್ಚಾಗಿ ವಯಸ್ಸಾದ ಬಡವರು. ಈ ವರ್ಷಗಳ ಪುಸ್ತಕದಲ್ಲಿ ಇದ್ದಕ್ಕಿದ್ದ ಹಾಗೆ ಹರೆಯದವರು, ಗುಂಡೇಟಿನ ಸಾವುಗಳು. ಅಂದ್ರೆ ಗೋರಿಗೆ ಹೆಸರಿರಲಿಲ್ಲ, ಲೆಕ್ಕ ಇತ್ತು. ತಾಳೆ ನೋಡೋರು ಬೇಕಿತ್ತು.

ಆದ್ರೆ ಎಲ್ಲ ತಾಯಂದಿರಿಗೂ ಇದು ಬೇಕಿರಲಿಲ್ಲ. 1986ರಲ್ಲಿ ಅವರ ಸಂಘ ಎರಡಾಯ್ತು. ಎಬೆ ದೆ ಬೊನಾಫಿನಿ ನೇತೃತ್ವದ ಬಣ ಅಗೆಯೋದನ್ನೇ ವಿರೋಧಿಸಿತು. ಜೀವಂತ ಕರಕೊಂಡು ಹೋದ್ರಿ, ಜೀವಂತ ವಾಪಸ್ ಕೊಡಿ ಅನ್ನೋದು ಅವರ ಪಟ್ಟು. ಕೊಂದವರು ಯಾರು ಅಂತ ಹೇಳದೆ ಮೂಳೆ ಕೈಗಿಟ್ರೆ, ಅಲ್ಲಿಗೆ ಫೈಲ್ ಮುಚ್ಚಿಬಿಡ್ತಾರೆ ಅನ್ನೋ ಭಯ. ಸುಮ್ಮನೆ ಹುಟ್ಟಿದ ಭಯ ಅಲ್ಲ. 1986, 1987ರಲ್ಲಿ ಬಂದ ಎರಡು ಕಾನೂನುಗಳಿಂದ ಸೇನೆಯವರ ಮೇಲಿನ ಕೇಸುಗಳು ಹೆಚ್ಚುಕಡಿಮೆ ನಿಂತೇಹೋದವು. ನ್ಯಾಯಾಲಯದ ಬಾಗಿಲು ಮುಚ್ಚಿದ ಆ ವರ್ಷಗಳಲ್ಲೂ ತಂಡ ಅಗೀತಾನೇ ಇತ್ತು. ಅವೆಯನೇದಾ ಸ್ಮಶಾನದ ಒಂದೇ ಮೂಲೆಯಲ್ಲಿ 1988ರಿಂದ 1992ರ ನಡುವೆ 336 ಅಸ್ಥಿಪಂಜರ ಸಿಕ್ಕವು.

ಅಸುಸೇನಾ ಅಲ್ಲಿರಲಿಲ್ಲ. ಆಕೆ ಇದ್ದದ್ದು ಸಮುದ್ರದ ಕಡೆಯ ಹೆನೆರಲ್ ಲಾವಾಯೆ ಊರಿನ ಸ್ಮಶಾನದಲ್ಲಿ. 1977ರ ಡಿಸೆಂಬರ್‌ನಲ್ಲಿ ಅಲ್ಲಿನ ಕಡಲ ತೀರಕ್ಕೆ ಕೆಲವು ಹೆಣಗಳು ಬಂದು ಬಿದ್ದಿದ್ವು. ಪೊಲೀಸರು ಬರಕೊಂಡ್ರು, 'ಎನ್.ಎನ್.' ಅಂತ ಹೂಳಿದ್ರು. ಆ ಕಾಗದದ ಜಾಡು ಹಿಡಿದು ತಂಡ ಅಲ್ಲಿಗೆ ಹೋಯ್ತು. 2005ರಲ್ಲಿ ಡಿಎನ್‌ಎ ಪರೀಕ್ಷೆ ಉತ್ತರ ಕೊಡ್ತು: ಅಸುಸೇನಾ, ಎಸ್ತೆರ್, ಮರಿಯಾ, ಜೊತೆಗೆ ಸನ್ಯಾಸಿನಿ ಲಿಯೋನಿ ದುಕೆ. ಮೂಳೆ ಮುರಿದಿದ್ದ ರೀತಿಯೇ ಹೇಳ್ತಿತ್ತು, ಇವರು ಎತ್ತರದಿಂದ ಬಿದ್ದವರು ಅಂತ. ಜೀವ ಇದ್ದಾಗಲೇ ವಿಮಾನದಿಂದ ಸಮುದ್ರಕ್ಕೆ ಎಸೆದಿದ್ರು.

ಫೈಲ್ ಮುಚ್ಚಲಿಲ್ಲ, ತೆರೀತು. ಅದೇ 2005ರಲ್ಲಿ ಸುಪ್ರೀಂ ಕೋರ್ಟ್ ಆ ಎರಡು ಕಾನೂನುಗಳು ಸಂವಿಧಾನಕ್ಕೆ ವಿರುದ್ಧ ಅಂತ ಹೇಳ್ತು. ಮುಂದೆ ಆ ವಿಮಾನದ ಹಾರಾಟದ ದಾಖಲೆಯೂ ಸಿಕ್ತು. ಅದರಲ್ಲಿ 1977ರ ಡಿಸೆಂಬರ್ 14ರ ರಾತ್ರಿಯ ಹಾರಾಟ, ಪೈಲಟ್‌ಗಳ ಹೆಸರು ಎಲ್ಲ ಇತ್ತು. 2017ರಲ್ಲಿ ಅವರಲ್ಲಿ ಇಬ್ಬರಿಗೆ ಜೀವಾವಧಿ ಶಿಕ್ಷೆ ಆಯ್ತು. ಮೂಳೆ ಒಂದು ಪುಸ್ತಕ, ವಿಮಾನದ ದಾಖಲೆ ಇನ್ನೊಂದು. ನಲವತ್ತು ವರ್ಷ ಆದ್ಮೇಲೆ ಎರಡೂ ತಾಳೆ ಆದವು.

ಅಸುಸೇನಾಳ ಬೂದಿಯನ್ನ ಅದೇ ಚೌಕದಲ್ಲಿ, ಆಕೆ ಸುತ್ತು ಹಾಕ್ತಿದ್ದ ಸ್ತಂಭದ ಬುಡದಲ್ಲಿ ಹೂಳಿದ್ದಾರೆ. ಮನೆಯವರಿಗೆ ಮಣ್ಣು ಹಾಕೋಕೆ ಒಂದು ಜಾಗ ಸಿಕ್ತು. ಆದ್ರೆ ಆಕೆಯ ಜೊತೆ ಹಿಡಿದ ಇನ್ನೊಬ್ಬ ಸನ್ಯಾಸಿನಿ ಆಲಿಸ್ ದೊಮೋನ್ ಇವತ್ತಿಗೂ ಸಿಕ್ಕಿಲ್ಲ. ಸಾವಿರಾರು ಮನೆಗಳ ಪುಸ್ತಕದಲ್ಲಿ ಆ ಸಾಲು ಇನ್ನೂ ಖಾಲಿ.

ಮುಂದಿನ ಸಲ ಯಾರದ್ದಾದ್ರೂ ಮಣ್ಣಿಗೆ ಹೋದಾಗ, ಹೋಗೋಕೆ ಒಂದು ಜಾಗ ಇದೆಯಲ್ಲ, ಅದೇ ಎಷ್ಟು ದೊಡ್ಡದು ಅಂತ ಒಮ್ಮೆ ಯೋಚನೆ ಮಾಡಿ. ಮತ್ತೆ ಸಿಗೋಣ.